ದೆಹಲಿಯ ಮೂರು ಕ್ರೀಡಾಕೂಟಗಳು: ದಿನಾಂಕ, ದುಡಿಮೆ ಮತ್ತು ಸಾರ್ವಜನಿಕ ವೆಚ್ಚ

ಪೀಠಿಕೆ

ಸ್ವಾತಂತ್ರ್ಯೋತ್ತರ ಭಾರತದ ಕ್ರೀಡಾ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಪದಕಗಳ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ನಗರಗಳ ಇತಿಹಾಸವನ್ನು ಬರೆದವರು ಕ್ರೀಡಾಂಗಣಗಳನ್ನು ವಾಸ್ತುವಿನ ನೆಲೆಯಿಂದ ನೋಡಿದ್ದಾರೆ. ಈ ಎರಡು ಬರವಣಿಗೆಗಳ ನಡುವೆ ಉಳಿದುಹೋದ ಪ್ರಶ್ನೆ ಒಂದಿದೆ. ಅಂತರರಾಷ್ಟ್ರೀಯ ಕ್ರೀಡಾಕೂಟವೊಂದನ್ನು ಒಂದು ನಗರ ನಡೆಸಿಕೊಟ್ಟಾಗ ಅದರ ವೆಚ್ಚವನ್ನು ಯಾರು, ಯಾವ ರೂಪದಲ್ಲಿ ಭರಿಸಿದರು ಎಂಬುದೇ ಆ ಪ್ರಶ್ನೆ. ದೆಹಲಿಯು 1951 ಮತ್ತು 1982ರಲ್ಲಿ ಏಷ್ಯನ್ ಕ್ರೀಡಾಕೂಟವನ್ನೂ 2010ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನೂ ನಡೆಸಿದೆ. ಒಂದೇ ನಗರ ಸುಮಾರು ಅರವತ್ತು ವರ್ಷಗಳ ಅವಧಿಯಲ್ಲಿ ನಡೆಸಿದ ಈ ಮೂರು ಕೂಟಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಮೇಲಿನ ಪ್ರಶ್ನೆಗೆ ಕೆಲಮಟ್ಟಿಗೆ ಉತ್ತರ ದೊರೆಯುತ್ತದೆ.

ಪ್ರಸ್ತುತ ಲೇಖನದ ವಾದವನ್ನು ಮೊದಲಿಗೇ ಹೇಳಿಬಿಡಬಹುದು. ಕ್ರೀಡಾಕೂಟವು ಉಳಿದ ಸಾರ್ವಜನಿಕ ಕಾಮಗಾರಿಗಳಿಗಿಂತ ಭಿನ್ನವಾಗುವುದು ಅದರ ಗಾತ್ರದಿಂದಲ್ಲ, ಅದಕ್ಕೊಂದು ಮುಂದೂಡಲಾಗದ ದಿನಾಂಕ ಇರುವುದರಿಂದ. ಆ ದಿನಾಂಕ ಹತ್ತಿರವಾದಂತೆ ಕಾರ್ಮಿಕ ಕಾಯಿದೆ, ಟೆಂಡರಿನ ನಿಯಮ, ಬಡವರ ವಸತಿಯ ಹಕ್ಕು ಇವೆಲ್ಲ ಒಂದೊಂದಾಗಿ ಸಡಿಲಗೊಳ್ಳುತ್ತವೆ. 1951ರಲ್ಲಿ ದಿನಾಂಕವೇ ಸಿದ್ಧತೆಗೆ ಮಣಿದಿತ್ತು. 1982 ಮತ್ತು 2010ರಲ್ಲಿ ನಗರವೇ ದಿನಾಂಕಕ್ಕೆ ಮಣಿಯಬೇಕಾಯಿತು.

1951: ಮುಂದಕ್ಕೆ ಹೋದ ಕೂಟ

ಏಷ್ಯನ್ ಕ್ರೀಡಾಕೂಟದ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದವರಲ್ಲಿ ಜಿ.ಡಿ. ಸೋಂಧಿಯವರು ಪ್ರಮುಖರು. 1948ರ ಲಂಡನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅವರು ಏಷ್ಯಾದ ಪ್ರತಿನಿಧಿಗಳ ಮುಂದೆ ಈ ವಿಚಾರವನ್ನಿಟ್ಟರು. 1949ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಫೆಡರೇಷನ್ ಸ್ಥಾಪನೆಯಾಯಿತು. ಮೊದಲ ಕೂಟವನ್ನು 1950ರಲ್ಲಿ ನಡೆಸುವುದೆಂದು ಗೊತ್ತಾಗಿತ್ತು. ಆದರೆ ಸಿದ್ಧತೆ ಸಾಲದೆ ಅದನ್ನು ಮುಂದೂಡಿ, 1951ರ ಮಾರ್ಚ್ 4ರಿಂದ 11ರವರೆಗೆ ನಡೆಸಲಾಯಿತು. ಹನ್ನೊಂದು ದೇಶಗಳು ಭಾಗವಹಿಸಿದ್ದವು.

ಕೂಟದ ಮುಖ್ಯ ಅಂಗಣ ಹೊಸದಾಗಿ ಕಟ್ಟಿದ್ದಲ್ಲ. ಭಾವನಗರದ ಮಹಾರಾಜರ ಕೊಡುಗೆಯಿಂದ 1933ರಲ್ಲಿ ನಿರ್ಮಾಣಗೊಂಡಿದ್ದ ಇರ್ವಿನ್ ಆಂಫಿಥಿಯೇಟರನ್ನೇ ನ್ಯಾಷನಲ್ ಸ್ಟೇಡಿಯಂ ಎಂದು ಹೆಸರಿಸಿ ಬಳಸಿಕೊಳ್ಳಲಾಯಿತು. ಅದರ ಸಮೀಪದ ಪುರಾನಾ ಕಿಲಾ ಕೆಲವೇ ವರ್ಷಗಳ ಹಿಂದೆ ವಿಭಜನೆಯ ನಿರಾಶ್ರಿತರ ಶಿಬಿರವಾಗಿತ್ತು ಎಂಬುದನ್ನು ನೆನೆದರೆ ಆ ಕಾಲದ ಮಿತವ್ಯಯಕ್ಕೆ ಕಾರಣ ತಿಳಿಯುತ್ತದೆ. ಮಿತವ್ಯಯವು ಇಲ್ಲಿ ತತ್ತ್ವಕ್ಕಿಂತ ಹೆಚ್ಚಾಗಿ ಅನಿವಾರ್ಯತೆಯಾಗಿತ್ತು. ಆದರೂ ಸಿದ್ಧತೆ ಮುಗಿಯದಿದ್ದಲ್ಲಿ ಕೂಟವನ್ನು ಮುಂದಕ್ಕೆ ಹಾಕಬಹುದು ಎಂಬ ದಾರಿ ಆಗ ತೆರೆದಿತ್ತು ಎಂಬುದು ಗಮನಾರ್ಹ. ಅಂತರರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಒಪ್ಪಂದ, ದೂರದರ್ಶನದ ಪ್ರಸಾರ, ಪ್ರಾಯೋಜಕರ ಬಂಡವಾಳ ಇವು ಕೂಡಿಕೊಂಡ ಮೇಲೆ ಆ ದಾರಿ ಮುಚ್ಚಿಹೋಯಿತು.

1982: ಒಂದು ರೂಪಾಯಿಯ ಲೆಕ್ಕ

ಒಂಬತ್ತನೆಯ ಏಷ್ಯನ್ ಕ್ರೀಡಾಕೂಟವನ್ನು ನಡೆಸುವ ಹೊಣೆ 1970ರ ದಶಕದಲ್ಲಿಯೇ ದೆಹಲಿಗೆ ದೊರೆತಿದ್ದರೂ ಆ ವರ್ಷಗಳ ರಾಜಕೀಯ ಏರುಪೇರುಗಳಲ್ಲಿ ಕೆಲಸ ಮುಂದೆ ಸಾಗಲಿಲ್ಲ. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಸಿದ್ಧತೆ ಚುರುಕಾಯಿತು. 1982ರ ನವೆಂಬರ್ 19 ಆರಂಭದ ದಿನವೆಂದು ನಿಗದಿಯಾಗಿತ್ತು. ಉಳಿದಿದ್ದ ಎರಡು ಚಿಲ್ಲರೆ ವರ್ಷಗಳಲ್ಲಿ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಯಮುನೆಯ ದಂಡೆಯ ಬಳಿ ಇಂದ್ರಪ್ರಸ್ಥ ಒಳಾಂಗಣ ಕ್ರೀಡಾಂಗಣ, ತಾಲ್‌ಕಟೋರಾದ ಈಜುಕೊಳ, ತುಘಲಕಾಬಾದಿನ ಗುರಿಹೊಡೆತದ ಅಂಗಣ, ಹಲವು ಮೇಲ್ಸೇತುವೆಗಳು ಮತ್ತು ಹೋಟೆಲುಗಳು ಎದ್ದುನಿಂತವು. ಅಲಾವುದ್ದೀನ್ ಖಿಲ್ಜಿಯ ಸಿರಿ ಕೋಟೆಯ ಪರಿಸರದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ವಿನ್ಯಾಸದಂತೆ ಕ್ರೀಡಾಗ್ರಾಮ ನಿರ್ಮಾಣವಾಯಿತು. ದೇಶದಲ್ಲಿ ಬಣ್ಣದ ದೂರದರ್ಶನ ಪ್ರಸಾರ ಆರಂಭವಾದದ್ದೂ ಅದೇ ವರ್ಷ.

ಇಷ್ಟೆಲ್ಲವನ್ನೂ ಕಟ್ಟಿದವರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾ ಮೊದಲಾದ ರಾಜ್ಯಗಳಿಂದ ಬಂದ ಕೂಲಿಕಾರರು. ಇವರ ಸ್ಥಿತಿಯನ್ನು ಕುರಿತು ಇಂದು ನಮಗೆ ದೊರೆಯುವ ಅತ್ಯಂತ ವಿಶ್ವಾಸಾರ್ಹ ದಾಖಲೆ ಕ್ರೀಡಾ ಇಲಾಖೆಯದಲ್ಲ, ನ್ಯಾಯಾಲಯದ್ದು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆಯು ಮೂವರು ಸಮಾಜವಿಜ್ಞಾನಿಗಳಿಂದ ಕಾಮಗಾರಿಯ ಸ್ಥಳಗಳ ಸಮೀಕ್ಷೆ ನಡೆಸಿ, ಅದರ ವರದಿಯನ್ನು ಆಧರಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಪತ್ರ ಬರೆಯಿತು. ಸರ್ವೋಚ್ಚ ನ್ಯಾಯಾಲಯ ಆ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿತು. ಕೇಂದ್ರ ಸರ್ಕಾರ, ದೆಹಲಿ ಆಡಳಿತ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರ ಪ್ರತಿವಾದಿಗಳಾಗಿದ್ದವು.

ವಿಚಾರಣೆಯಲ್ಲಿ ಹೊರಬಂದ ಒಂದು ಸಂಗತಿ ಇಡೀ ವ್ಯವಸ್ಥೆಯ ಸ್ವರೂಪವನ್ನು ತಿಳಿಸುತ್ತದೆ. ಆಗ ದಿನಗೂಲಿಯ ಕನಿಷ್ಠ ವೇತನ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಈ ಹಣವನ್ನು ಕಾರ್ಮಿಕರ ಕೈಗೆ ಕೊಡದೆ, ಅವರನ್ನು ಕರೆತಂದ ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರನು ಪ್ರತಿಯೊಬ್ಬನ ಕೂಲಿಯಿಂದ ದಿನಕ್ಕೆ ಒಂದು ರೂಪಾಯಿಯನ್ನು ತನ್ನ ದಲ್ಲಾಳಿಯೆಂದು ಮುರಿದುಕೊಂಡು ಉಳಿದ 8 ರೂಪಾಯಿ 25 ಪೈಸೆಯನ್ನು ಕೊಡುತ್ತಿದ್ದ. ಅಂದರೆ ಕೂಲಿಯಲ್ಲಿ ನೂರಕ್ಕೆ ಸುಮಾರು ಹನ್ನೊಂದು ಪಾಲು ದುಡಿದವನಿಗೆ ತಲುಪುತ್ತಿರಲಿಲ್ಲ. ಹೆಂಗಸರಿಗೆ ದಿನಕ್ಕೆ 7 ರೂಪಾಯಿ ಮಾತ್ರ ಕೊಡಲಾಗುತ್ತಿತ್ತೆಂಬ ಆರೋಪವೂ, ಹದಿನಾಲ್ಕು ವರ್ಷದೊಳಗಿನ ಮಕ್ಕಳು ದುಡಿಯುತ್ತಿದ್ದರೆಂಬ ಆರೋಪವೂ ಅರ್ಜಿಯಲ್ಲಿದ್ದವು. ಕಟ್ಟಡ ಕೆಲಸವು 1938ರ ಬಾಲಕಾರ್ಮಿಕ ಕಾಯಿದೆಯ ಪಟ್ಟಿಯಲ್ಲಿ ಇಲ್ಲವೆಂಬುದು ಮಕ್ಕಳ ವಿಷಯದಲ್ಲಿ ಅಧಿಕಾರಿಗಳು ಮುಂದಿಟ್ಟ ಸಮಾಧಾನ.

1982ರ ಮೇ ತಿಂಗಳಲ್ಲಿ ನ್ಯಾಯಾಲಯ ನಿರ್ದೇಶನಗಳನ್ನು ನೀಡಿ, ಕಾಮಗಾರಿಯ ಸ್ಥಳಗಳನ್ನು ಪರಿಶೀಲಿಸಲು ಮೂವರು ಮೇಲ್ವಿಚಾರಕರನ್ನು ನೇಮಿಸಿತು. ಅದೇ ವರ್ಷದ ಸೆಪ್ಟೆಂಬರ್ 18ರಂದು ವಿವರವಾದ ತೀರ್ಪು ಹೊರಬಂದಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯುವವನು ಬಡತನದ ಬಲವಂತಕ್ಕೆ ಸಿಕ್ಕಿ ದುಡಿಯುತ್ತಾನೆ, ಆದುದರಿಂದ ಅದು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಸರಿ ಎಂದು ನ್ಯಾಯಾಲಯ ಹೇಳಿತು. ಕಟ್ಟಡ ಕೆಲಸವು ಅಪಾಯಕರ ಉದ್ಯೋಗವಾದ್ದರಿಂದ ಕಾಯಿದೆಯ ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೂ 24ನೆಯ ಅನುಚ್ಛೇದ ನೇರವಾಗಿ ಅನ್ವಯಿಸುತ್ತದೆಂದೂ, ಗುತ್ತಿಗೆದಾರನನ್ನು ಮುಂದೆಮಾಡಿ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲವೆಂದೂ ತೀರ್ಪು ಸ್ಪಷ್ಟಪಡಿಸಿತು. ಭಾರತದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳ ಚರಿತ್ರೆಯಲ್ಲಿ ಈ ತೀರ್ಪಿಗೆ ಮಹತ್ವದ ಸ್ಥಾನವಿದೆ. ಆದರೆ ಅದು ಬಂದಾಗ ಕೂಟದ ಆರಂಭಕ್ಕೆ ಉಳಿದಿದ್ದುದು ಕೇವಲ ಎರಡು ತಿಂಗಳು. ಕಟ್ಟಡದ ದುಡಿಮೆಯ ಬಹುಪಾಲು ಆಗಲೇ ಮುಗಿದಿತ್ತು ಎಂಬುದನ್ನು ಮರೆಯುವಂತಿಲ್ಲ.

2010: ಏಳು ವರ್ಷಗಳ ಅವಕಾಶ

2003ರ ನವೆಂಬರ್‌ನಲ್ಲಿ ಜಮೈಕಾದ ಮಾಂಟೆಗೊ ಬೇ ನಗರದಲ್ಲಿ ನಡೆದ ಸಭೆಯಲ್ಲಿ ದೆಹಲಿಯು ಕೆನಡಾದ ಹ್ಯಾಮಿಲ್ಟನ್ ನಗರವನ್ನು 46–22 ಮತಗಳಿಂದ ಹಿಂದಿಕ್ಕಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಪಡೆಯಿತು. ಏಷ್ಯಾಡ್‌ಗೆ ಹೋಲಿಸಿದರೆ ಈ ಬಾರಿ ಸುಮಾರು ಏಳು ವರ್ಷಗಳ ಅವಕಾಶವಿತ್ತು. ಆದರೂ ಕೊನೆಯ ಗಳಿಗೆಯ ಧಾವಂತ ತಪ್ಪಲಿಲ್ಲ. 2010ರ ಸೆಪ್ಟೆಂಬರ್ 21ರಂದು, ಉದ್ಘಾಟನೆಗೆ ಎರಡು ವಾರಗಳೂ ಉಳಿಯದಿದ್ದಾಗ, ನೆಹರೂ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಕಾಲುಸೇತುವೆ ಕುಸಿದು ಹಲವು ಕಾರ್ಮಿಕರು ಗಾಯಗೊಂಡರು.

ಭಾರತದ ಮಹಾಲೇಖಪಾಲರು 2011ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿ ಈ ಕೂಟದ ಅಧ್ಯಯನಕ್ಕೆ ಮೂಲ ಆಕರ. 2003ರ ಮೇ ತಿಂಗಳ ಬಿಡ್ ದಾಖಲೆಯಲ್ಲಿ ಒಟ್ಟು ವೆಚ್ಚ 1,200 ಕೋಟಿ ರೂಪಾಯಿಗಿಂತ ತುಸು ಹೆಚ್ಚು ಎಂದು ಅಂದಾಜಾಗಿತ್ತು. ಕೊನೆಯಲ್ಲಿ ಕೇಂದ್ರ ಸರ್ಕಾರ, ದೆಹಲಿ ಸರ್ಕಾರ ಮತ್ತು ಅದರ ಸ್ಥಳೀಯ ಸಂಸ್ಥೆಗಳ ಒಟ್ಟು ಅಂದಾಜು 18,532 ಕೋಟಿಗೆ ಏರಿತ್ತು. ವಿಮಾನ ನಿಲ್ದಾಣ ಮತ್ತು ಮೆಟ್ರೊ ಸಂಸ್ಥೆಗಳ ಹೂಡಿಕೆ ಇದರಲ್ಲಿ ಸೇರಿಲ್ಲ. ಈ ಎರಡು ಮೊತ್ತಗಳನ್ನು ಹೋಲಿಸುವಾಗ ಎಚ್ಚರಿಕೆ ಅಗತ್ಯ. ಎರಡನೆಯ ಮೊತ್ತದಲ್ಲಿ ರಸ್ತೆ, ಮೇಲ್ಸೇತುವೆ, ಬೀದಿಗಳ ಅಲಂಕಾರ ಮೊದಲಾದ ನಗರ ಕಾಮಗಾರಿಗಳೂ ಸೇರಿವೆ. ಅವುಗಳಲ್ಲಿ ಕೆಲವು ಕೂಟವಿಲ್ಲದಿದ್ದರೂ ನಗರಕ್ಕೆ ಬೇಕಾಗಿದ್ದವು. ಆದರೆ ಸಮಸ್ಯೆ ಇರುವುದೂ ಇಲ್ಲಿಯೇ. ಕೂಟದ ಹೆಸರು ಅಂಟಿಕೊಂಡ ಕೂಡಲೆ ಯಾವ ಕಾಮಗಾರಿಯಾದರೂ ತುರ್ತಿನದಾಗುತ್ತಿತ್ತು. ಆರಂಭದ ವರ್ಷಗಳನ್ನು ನಿಧಾನದಲ್ಲಿ ಕಳೆದು, ಅನಂತರ ತುರ್ತನ್ನೇ ಕಾರಣವಾಗಿ ತೋರಿಸಿ ಟೆಂಡರಿನ ಸಾಮಾನ್ಯ ಕ್ರಮವನ್ನು ಬದಿಗಿಡಲಾಯಿತೆಂಬುದು ವರದಿಯ ಮುಖ್ಯ ಆಕ್ಷೇಪಗಳಲ್ಲಿ ಒಂದು.

ಹಣ ಎಲ್ಲಿಂದ ಬಂದಿತು ಎಂಬುದೂ ಅಷ್ಟೇ ಮುಖ್ಯ. ಪರಿಶಿಷ್ಟ ಜಾತಿಗಳ ಏಳಿಗೆಗೆಂದು ಮೀಸಲಾದ ವಿಶೇಷ ಘಟಕ ಯೋಜನೆಯ ಹಣ ಕೂಟದ ಕೆಲಸಗಳಿಗೆ ಹೋಗಿರುವುದನ್ನು 2010ರಲ್ಲಿ ದಲಿತ ಮತ್ತು ವಸತಿ ಹಕ್ಕುಗಳ ಸಂಘಟನೆಗಳು ಮಾಹಿತಿ ಹಕ್ಕಿನ ಅರ್ಜಿಗಳ ಮೂಲಕ ಬೆಳಕಿಗೆ ತಂದವು. ಆ ವರ್ಷದ ಆಗಸ್ಟ್ ಅಂತ್ಯದಲ್ಲಿ ರಾಜ್ಯಸಭೆಯಲ್ಲಿ ಗೃಹಸಚಿವ ಪಿ. ಚಿದಂಬರಂ ಅವರು ಸುಮಾರು 678 ಕೋಟಿ ರೂಪಾಯಿ ಹೀಗೆ ಬೇರೆಡೆಗೆ ಹರಿದಿರುವುದನ್ನು ಒಪ್ಪಿಕೊಂಡರು. 1982ರಲ್ಲಿ ದಿನಕ್ಕೆ ಒಂದು ರೂಪಾಯಿಯಂತೆ ಕೂಲಿಯಿಂದ ಮುರಿದುಕೊಂಡದ್ದಕ್ಕೂ 2010ರಲ್ಲಿ ಆಯವ್ಯಯ ಪತ್ರದ ಮೂಲಕ ತೆಗೆದುಕೊಂಡದ್ದಕ್ಕೂ ವಿಧಾನದಲ್ಲಿ ವ್ಯತ್ಯಾಸವಿದೆ. ತೆತ್ತವರು ಮಾತ್ರ ಸಮಾಜದ ಅದೇ ಅಂಚಿನವರು.

ನದಿಯ ದಂಡೆಯ ಎರಡು ನ್ಯಾಯಗಳು

ಸ್ಥಳಾಂತರದ ಪ್ರಶ್ನೆಯಲ್ಲಿ ಯಮುನಾ ಪುಷ್ಟಾದ ಪ್ರಕರಣವನ್ನು ವಿಶೇಷವಾಗಿ ಗಮನಿಸಬೇಕು. ನದಿಯ ದಂಡೆಯ ಈ ಜೋಪಡಿಗಳಲ್ಲಿ ನೆಲೆಸಿದವರಲ್ಲಿ ಏಷ್ಯಾಡ್ ಕಾಮಗಾರಿಗೆಂದು ಬಂದು ಉಳಿದುಕೊಂಡ ಕೂಲಿಕಾರರೂ ಇದ್ದರು. 2004ರ ಮೊದಲ ತಿಂಗಳುಗಳಲ್ಲಿ ಇವನ್ನು ಕೆಡವಲಾಯಿತು. ನೆಲೆ ಕಳೆದುಕೊಂಡವರು ಸುಮಾರು ಒಂದೂವರೆ ಲಕ್ಷ ಜನರೆಂದು ಅಂದಾಜು. ಅವರಲ್ಲಿ ಒಂದು ಭಾಗಕ್ಕೆ ಮಾತ್ರ ದೂರದ ಬವಾನಾ, ಹೊಲಂಬಿ ಕಲಾನ್ ಮುಂತಾದೆಡೆ ಪರ್ಯಾಯ ನಿವೇಶನ ದೊರೆಯಿತು. ಈ ತೆರವು ಅಧಿಕೃತವಾಗಿ ಕ್ರೀಡಾಕೂಟಕ್ಕಾಗಿ ನಡೆದದ್ದಲ್ಲ. ನದಿಪಾತ್ರದ ಒತ್ತುವರಿ ತೆರವಿಗೆ ದೆಹಲಿ ಉಚ್ಚ ನ್ಯಾಯಾಲಯ 2003ರಲ್ಲಿ ನೀಡಿದ ಆದೇಶವೂ ದಂಡೆಯನ್ನು ಪ್ರವಾಸಿ ತಾಣವಾಗಿಸುವ ಯೋಜನೆಯೂ ಅದರ ಹಿಂದಿದ್ದವು. ಆದುದರಿಂದ ಇಡೀ ಪ್ರಕರಣವನ್ನು ಕೂಟದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಆದರೆ ಅದೇ ನದಿಯ ಪೂರ್ವ ದಂಡೆಯಲ್ಲಿ, ಅಕ್ಷರಧಾಮದ ಬಳಿ, 2010ರ ಕ್ರೀಡಾಗ್ರಾಮ ಖಾಸಗಿ ಸಹಭಾಗಿತ್ವದಲ್ಲಿ ಎದ್ದಿತು. ನದಿಯ ನೆರೆಬಯಲಿನಲ್ಲಿ ಕಟ್ಟಡ ಸಲ್ಲದೆಂದು ಪರಿಸರವಾದಿಗಳು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಉಚ್ಚ ನ್ಯಾಯಾಲಯ 2008ರಲ್ಲಿ ಪರಿಣತರ ಸಮಿತಿಯ ಪರಿಶೀಲನೆಗೆ ಆದೇಶಿಸಿತು. 2009ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿ, ಆ ನಿವೇಶನ ನದಿಪಾತ್ರವೂ ಅಲ್ಲ, ನೆರೆಬಯಲೂ ಅಲ್ಲ ಎಂದು ತೀರ್ಮಾನಿಸಿತು. ಕಾನೂನಿನ ದೃಷ್ಟಿಯಲ್ಲಿ ಇವು ಬೇರೆ ಬೇರೆ ಪ್ರಕರಣಗಳು. ಇತಿಹಾಸದ ದೃಷ್ಟಿಯಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡದಿರಲಾಗದು. ಅದೇ 2009ರಲ್ಲಿ ಕ್ರೀಡಾಗ್ರಾಮದ ನಿರ್ಮಾಪಕರು ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಸಾರ್ವಜನಿಕ ಹಣದಿಂದ ಅಲ್ಲಿನ ಮನೆಗಳಲ್ಲಿ ಒಂದು ಭಾಗವನ್ನು ಕೊಂಡು ಅವರಿಗೆ ಆಸರೆಯಾಯಿತು. ಪುಷ್ಟಾದ ಜನಕ್ಕೆ ಇಂಥ ಆಸರೆ ಒದಗಲಿಲ್ಲ.

ಕಾರ್ಮಿಕರ ವಿಷಯದಲ್ಲಿ ಚರಿತ್ರೆ ಬಹುಮಟ್ಟಿಗೆ ಮರುಕಳಿಸಿತು. 1982ರಲ್ಲಿ ದೂರು ಕೊಟ್ಟ ಸಂಘಟನೆಯೇ 2010ರ ಆರಂಭದಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಯಿತು. ನ್ಯಾಯಾಲಯ ನೇಮಿಸಿದ, ನಿವೃತ್ತ ರಾಯಭಾರಿ ಅರುಂಧತಿ ಘೋಷ್ ಅವರ ನೇತೃತ್ವದ ಸಮಿತಿಯು ಕನಿಷ್ಠ ವೇತನದ ಉಲ್ಲಂಘನೆ, ಹೀನವಾದ ವಸತಿ ಮತ್ತು ಶೌಚ ವ್ಯವಸ್ಥೆ, ಸುರಕ್ಷತೆಯ ಕೊರತೆ, ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯ ಅಭಾವ ಇವನ್ನು ಆ ವರ್ಷದ ಮಾರ್ಚ್‌ನಲ್ಲಿ ವರದಿ ಮಾಡಿತು. ಇಪ್ಪತ್ತೆಂಟು ವರ್ಷಗಳ ಹಿಂದಿನ ತೀರ್ಪು ಕಾನೂನು ಕಾಲೇಜುಗಳ ಪಠ್ಯವಾಗಿತ್ತು. ಅದೇ ನಗರದ ಕಾಮಗಾರಿಯ ಸ್ಥಳಕ್ಕೆ ಮಾತ್ರ ಅದು ತಲುಪಿರಲಿಲ್ಲ.

ಬೆಂಗಳೂರಿನ ಒಂದು ಹೋಲಿಕೆ

ಈ ಪ್ರಶ್ನೆಗಳು ಕರ್ನಾಟಕಕ್ಕೆ ದೂರದವಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಮರುನಿರ್ಮಾಣಗೊಂಡಿತು. ಕೋರಮಂಗಲದಲ್ಲಿ ಕ್ರೀಡಾಗ್ರಾಮ ತಲೆಯೆತ್ತಿ, ಅನಂತರ ವಸತಿ ಸಮುಚ್ಚಯವಾಯಿತು. ಆದರೆ ಬೆಂಗಳೂರಿನ ಕ್ರೀಡಾಂಗಣಗಳ ಬೆಲೆಯನ್ನು ಆ ಒಂದು ಕೂಟದ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಶಾಂತಿನಗರದ ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ. ಸಂಪಂಗಿ ಕೆರೆಯನ್ನು ನೆಚ್ಚಿ ತೋಟಗಾರಿಕೆ ಮಾಡುತ್ತಿದ್ದ ಕುಟುಂಬಗಳು ನಿಧಾನವಾಗಿ ಅದನ್ನು ಕಳೆದುಕೊಂಡವು. ಇಂದು ಉಳಿದಿರುವ ಸಣ್ಣ ಕೊಳವೊಂದು ಕರಗದ ಆಚರಣೆಯ ಮೂಲಕ ಹಳೆಯ ಕೆರೆಯ ನೆನಪನ್ನು ಉಳಿಸಿದೆ. ದೆಹಲಿಯಲ್ಲಿ ದಿನಾಂಕದ ಒತ್ತಡ ಕೆಲವೇ ವರ್ಷಗಳಲ್ಲಿ ಮಾಡಿದ್ದನ್ನು ಬೆಂಗಳೂರಿನಲ್ಲಿ ನಲ್ಲಿನೀರು ಬಂದ ಮೇಲೆ ಕೆರೆ ನಿರುಪಯುಕ್ತವೆಂಬ ಭಾವನೆ ದಶಕಗಳಲ್ಲಿ ಮಾಡಿತು.

ಉಪಸಂಹಾರ

ಈ ಕೂಟಗಳಿಂದ ಲಾಭವೇ ಆಗಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಏಷ್ಯಾಡ್‌ನ ಮೇಲ್ಸೇತುವೆಗಳನ್ನು ದೆಹಲಿ ಇಂದಿಗೂ ಬಳಸುತ್ತಿದೆ. 2010ರ ಗಡುವಿನಿಂದ ಮೆಟ್ರೊ ಮಾರ್ಗಗಳ ಕೆಲಸಕ್ಕೆ ವೇಗ ಬಂದಿತು. ಆ ಕೂಟದಲ್ಲಿ ಭಾರತ 101 ಪದಕಗಳೊಡನೆ ಎರಡನೆಯ ಸ್ಥಾನ ಪಡೆಯಿತು. ಲಾಭಗಳು ಕಣ್ಣಿಗೆ ಕಾಣುವಂತೆ ಉಳಿದಿವೆ, ಫಲಕಗಳ ಮೇಲೆ ದಾಖಲಾಗಿವೆ. ವೆಚ್ಚದ ದಾಖಲೆ ಮಾತ್ರ ನ್ಯಾಯಾಲಯದ ತೀರ್ಪು, ಲೆಕ್ಕತಪಾಸಣೆಯ ವರದಿ, ಮಾಹಿತಿ ಹಕ್ಕಿನ ಉತ್ತರ ಇವುಗಳಲ್ಲಿ ಚದುರಿಹೋಗಿದೆ. ಯಾರೋ ದೂರು ಕೊಟ್ಟಿದ್ದರಿಂದ ಅಷ್ಟಾದರೂ ನಮಗೆ ಉಳಿದಿದೆ. ಕ್ರೀಡಾ ಇತಿಹಾಸಕಾರರು ಈ ಆಕರಗಳನ್ನೂ ತಮ್ಮವೆಂದು ಸ್ವೀಕರಿಸಬೇಕಾಗಿದೆ.

2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ನೀಡುವ ನಿರ್ಧಾರ 2025ರ ನವೆಂಬರ್‌ನಲ್ಲಿ ಆಗಿದೆ. ಮತ್ತೊಮ್ಮೆ ಒಂದು ದಿನಾಂಕ ನಿಗದಿಯಾಗುತ್ತದೆ. ದೆಹಲಿಯ ಮೂರು ಕೂಟಗಳ ಚರಿತ್ರೆಯಿಂದ ಕಲಿಯಬೇಕಾದದ್ದು ಇದ್ದರೆ ಅದು ಇಷ್ಟು: ಕಾರ್ಮಿಕರ ಕೂಲಿಯ ಲೆಕ್ಕವೂ ತೆರವಾಗುವವರ ಪಟ್ಟಿಯೂ ಹಣದ ಮೂಲವೂ ಮೊದಲ ವರ್ಷದಲ್ಲಿಯೇ ಸಾರ್ವಜನಿಕರ ಮುಂದೆ ಬರಬೇಕು. ಕೊನೆಯ ವರ್ಷದಲ್ಲಿ ಇವನ್ನು ಕೇಳಿದರೆ ದೊರೆಯುವ ಉತ್ತರ ಸಮಯವಿಲ್ಲ ಎಂಬುದೊಂದೇ.