ಎರಡು ಗೆರೆಗಳ ನಡುವಿನ ದಾರಿ

ಈಚೆಗೆ ತರಬೇತಿಗೆ ಬರುವ ನರ್ಸ್‌ಗಳು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಒಂದಿದೆ: “ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಬೇಕು ಅನ್ನೋ ಲೆಕ್ಕ ಈಗ ಹೋಯ್ತಲ್ಲ ಮೇಡಂ, ಇನ್ನು ಎಷ್ಟು ಹೊತ್ತಾದರೂ ಕಾಯಬಹುದಲ್ಲ?” ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದನ್ನು ಅರ್ಧ ಓದಿದರೆ ಹೀಗಾಗುತ್ತದೆ. ಇತ್ತ ಗಡಿಯಾರ ನೋಡಿಕೊಂಡೇ ಸಿಸೇರಿಯನ್‌ಗೆ ಬರೆಯುವವರೂ ಕಡಿಮೆಯಿಲ್ಲ. ಎಳೆದಾಡುವ ಹೆರಿಗೆಯ ಬಗ್ಗೆ ಎಪ್ಪತ್ತು ವರ್ಷಗಳಲ್ಲಿ ಕೂಡಿಬಂದ ತಿಳಿವಳಿಕೆ ಈ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಮೂರು ದಶಕ ಹೆರಿಗೆ ಕೋಣೆಯಲ್ಲಿ ಕಳೆದವಳಾಗಿ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ನೋವು ದಿನಗಟ್ಟಲೆ ಎಳೆದರೆ ತಾಯಿಗೆ ನಂಜೇರುತ್ತದೆ, ದಣಿದ ಗರ್ಭಕೋಶ ಹೆರಿಗೆಯ ನಂತರ ಬಿಗಿಯದೆ ರಕ್ತ ಹರಿಯುತ್ತದೆ, ಕೂಸಿಗೆ ಆಮ್ಲಜನಕ ಸಾಲದಾಗುತ್ತದೆ. ತಲೆ ಸಿಕ್ಕಿಕೊಂಡೇ ಉಳಿದರೆ ಮೂತ್ರಕೋಶದ ಗೋಡೆ ಕೊಳೆತು ತೂತಾಗಿ, ಬದುಕುಳಿದ ತಾಯಿ ಉಮ್ಮಳದಲ್ಲೇ ದಿನ ದೂಡಬೇಕಾಗುತ್ತದೆ. ಅರಮನೆಗೂ ಇದರಿಂದ ವಿನಾಯಿತಿ ಇರಲಿಲ್ಲ. 1817ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಷಾರ್ಲೆಟ್ ಸುಮಾರು 50 ಗಂಟೆ ನೋವು ತಿಂದು, ಸತ್ತ ಮಗುವನ್ನು ಹೆತ್ತು, ಕೆಲವೇ ಗಂಟೆಗಳಲ್ಲಿ ತಾನೂ ತೀರಿಕೊಂಡಳು.

ನೋವನ್ನು ಅಳೆಯುವ ಕೆಲಸ ಗಟ್ಟಿಯಾಗಿ ಶುರುವಾದದ್ದು 1954ರಲ್ಲಿ. ನ್ಯೂಯಾರ್ಕಿನ ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಗಂಟೆಗಳ ಎದುರು ಗುರುತು ಹಾಕಿ ಗೆರೆ ಎಳೆದರು. ಚೊಚ್ಚಲು ಬಸುರಿಗೆ ನೋವಿನ ಬಿರುಸಿನ ಹಂತದಲ್ಲಿ ಗಂಟೆಗೆ 1.2 ಸೆಂಟಿಮೀಟರ್ ಕನಿಷ್ಠ ಎಂಬ ಲೆಕ್ಕ ಅಲ್ಲಿಂದ ಬಂತು.

ಆದರೆ ನನ್ನ ತಲೆಮಾರಿನವರು ನಿಜವಾಗಿ ಋಣಿಯಾಗಿರಬೇಕಾದದ್ದು ಆಫ್ರಿಕಾಕ್ಕೆ. ಇಂದಿನ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ, ಅದಿನ್ನೂ ಸಾಲಿಸ್‌ಬರಿ ಎನಿಸಿಕೊಂಡಿದ್ದ ಕಾಲದಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ 1972ರಲ್ಲಿ ಪಾರ್ಟೊಗ್ರಾಫ್ ಎಂಬ, ಹೆರಿಗೆಯ ಮುನ್ನಡೆ ಗುರುತಿಸುವ ಹಾಳೆಯ ಮೇಲೆ ಎರಡು ಗೆರೆ ಎಳೆದರು. ಮೊದಲನೆಯದು ಎಚ್ಚರಿಕೆಯ ಗೆರೆ, ಗಂಟೆಗೆ ಒಂದು ಸೆಂಟಿಮೀಟರ್. ಅದರ ಬಲಕ್ಕೆ ನಾಲ್ಕು ಗಂಟೆ ದೂರದಲ್ಲಿ ಕ್ರಮ ಕೈಗೊಳ್ಳುವ ಗೆರೆ. ನಡುವೆ ಆ ನಾಲ್ಕು ಗಂಟೆ ಏಕೆ? ಹೊರವಲಯದ ಹೆರಿಗೆ ಕೇಂದ್ರಗಳನ್ನು ನೋಡಿಕೊಳ್ಳುತ್ತಿದ್ದವರು ಸೂಲಗಿತ್ತಿ ನರ್ಸ್‌ಗಳು. ಮೊದಲ ಗೆರೆ ದಾಟಿದ ತಾಯಿ ದೊಡ್ಡಾಸ್ಪತ್ರೆ ತಲುಪಲು ಅವಕಾಶ ಬೇಕಿತ್ತು. ನಾಲ್ಕು ಗಂಟೆ ಎಂದರೆ ದಾರಿಯ ಅಳತೆ. ಹಾಳೆ ಜಗತ್ತೆಲ್ಲ ಹರಡಿತು. ಆ ದಾರಿಯನ್ನು ಮಾತ್ರ ಮರೆತೆವು.

ಡಬ್ಲಿನ್‌ನ ಪದ್ಧತಿಯ ವಿಷಯದಲ್ಲೂ ಇಂಥದೇ ಮರೆವು ನಡೆಯಿತು. ಅಲ್ಲಿನ ರಾಷ್ಟ್ರೀಯ ಹೆರಿಗೆ ಆಸ್ಪತ್ರೆಯ ಕೀರನ್ ಓ’ಡ್ರಿಸ್ಕಾಲ್ ಹೆರಿಗೆ ಹನ್ನೆರಡು ಗಂಟೆ ಮೀರದಂತೆ ನೋಡಿಕೊಳ್ಳುವ ಕ್ರಮ ರೂಪಿಸಿದರು. ಅದರ ಮುಖ್ಯ ಅಂಗಗಳಲ್ಲಿ ಎರಡು: ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಮತ್ತು ಪ್ರತಿ ತಾಯಿಯ ಪಕ್ಕ ಕೊನೆಯವರೆಗೂ ಒಬ್ಬಳು ನರ್ಸ್. ಊರೂರಿಗೆ ಹಬ್ಬಿದ್ದು ಡ್ರಿಪ್ ಮಾತ್ರ. ಪಕ್ಕದಲ್ಲಿ ಒಬ್ಬರಿರುವುದು ಉಪಚಾರದ ಮಾತಲ್ಲ ಎಂಬುದಕ್ಕೆ 1980ರಲ್ಲಿ ಗ್ವಾಟೆಮಾಲಾದಿಂದ ಪುರಾವೆ ಬಂತು. ಜೊತೆಗಾರ್ತಿ ಇದ್ದವರ ಹೆರಿಗೆ ಸರಾಸರಿ 8.7 ಗಂಟೆಯಲ್ಲಿ ಮುಗಿದರೆ, ಇಲ್ಲದವರದು 19.3 ಗಂಟೆ ಹಿಡಿಯಿತು. ನಮ್ಮ ಎಷ್ಟೋ ಲೇಬರ್ ರೂಮ್‌ಗಳ ಬಾಗಿಲಲ್ಲಿ ಇಂದಿಗೂ ತಾಯಿಯನ್ನೋ ಅತ್ತೆಯನ್ನೋ ಹೊರಗೆ ನಿಲ್ಲಿಸುತ್ತೇವೆ.

ಪಾರ್ಟೊಗ್ರಾಫ್‌ನ ದೊಡ್ಡ ಪರೀಕ್ಷೆ ನಡೆದದ್ದು ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ. 35,484 ತಾಯಂದಿರನ್ನು ಒಳಗೊಂಡ ಅದರ ಫಲಿತಾಂಶ 1994ರಲ್ಲಿ ಹೊರಬಂತು. 18 ಗಂಟೆ ಮೀರಿದ ಹೆರಿಗೆ ಶೇ. 6.4ರಿಂದ 3.4ಕ್ಕೆ ಇಳಿದಿತ್ತು, ಡ್ರಿಪ್ ಬಳಕೆ ಶೇ. 20.7ರಿಂದ 9.1ಕ್ಕೆ. ಹಾಳೆಯ ಜೊತೆಗೆ ಅದನ್ನು ಓದಿ ಏನು ಮಾಡಬೇಕೆಂಬ ನಿಯಮವನ್ನೂ ಕಲಿಸಿದ್ದರು.

2010ರಲ್ಲಿ ಜುನ್ ಜಾಂಗ್ ಮತ್ತು ಸಂಗಡಿಗರು ಅಮೆರಿಕದ 62,415 ಹೆರಿಗೆಗಳನ್ನು ಪರಿಶೀಲಿಸಿ, ಆರು ಸೆಂಟಿಮೀಟರಿಗೆ ಮುಂಚೆ ನೋವು ನಿಧಾನವಾಗಿರುವುದು ಸಹಜ ಎಂದರು. ನೈಜೀರಿಯಾ, ಉಗಾಂಡಾಗಳ ಅಧ್ಯಯನವೂ ಇದಕ್ಕೆ ದನಿಗೂಡಿಸಿತು. ಹೀಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಿರುಸಿನ ಹಂತವನ್ನು ಐದು ಸೆಂಟಿಮೀಟರಿಗೆ ಸರಿಸಿ, ಗಂಟೆಗೊಂದು ಸೆಂಟಿಮೀಟರ್ ಆಗಲಿಲ್ಲವೆಂಬ ಒಂದೇ ಕಾರಣಕ್ಕೆ ಕೈಹಾಕಬೇಡಿ ಎಂದಿತು. ಇದು ತಾಯಿಯೂ ಕೂಸೂ ಚೆನ್ನಾಗಿದ್ದಾಗಿನ ಮಾತು. ಅದೇ ಸಂಸ್ಥೆಯ 2020ರ ಹೊಸ ಹಾಳೆಯಲ್ಲಿ ಗಡಿಯಾರ ಇದ್ದೇ ಇದೆ: ಐದರಲ್ಲಿ ಆರು ಗಂಟೆ ನಿಂತರೆ ಎಚ್ಚರಿಕೆ, ಒಂಬತ್ತರಲ್ಲಿ ಎರಡೇ ಗಂಟೆ. ಜೊತೆಗಾರರು ಇದ್ದಾರೆಯೇ, ತಾಯಿ ಏನಾದರೂ ಕುಡಿದಳೇ ಎಂದು ಗುರುತು ಹಾಕಲೂ ಅದರಲ್ಲಿ ಜಾಗವಿದೆ.

ಹಾಗಾದರೆ ಹರಾರೆಯ ಹೊರವಲಯದಲ್ಲಿದ್ದಂತೆ ಸೂಲಗಿತ್ತಿ ನರ್ಸ್‌ಗಳೇ ನಡೆಸುವ ಹೆರಿಗೆ ಕೇಂದ್ರ ಸುರಕ್ಷಿತವೇ? 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇಂಥ 84 ಕೇಂದ್ರಗಳ 11,814 ತಾಯಂದಿರಿದ್ದರು. ಸಿಸೇರಿಯನ್ ಶೇ. 4.4, ಒಬ್ಬ ತಾಯಿಯೂ ಸಾಯಲಿಲ್ಲ. ಆದರೆ ಶೇ. 15.8ರಷ್ಟು ಮಂದಿಯನ್ನು ಆಸ್ಪತ್ರೆಗೆ ಸಾಗಿಸಲಾಗಿತ್ತು. 2011ರಲ್ಲಿ ಇಂಗ್ಲೆಂಡ್ 64,538 ಹೆರಿಗೆಗಳ ಲೆಕ್ಕ ಕೊಟ್ಟಿತು. ಆಸ್ಪತ್ರೆಯಿಂದ ದೂರವಿದ್ದ ಕೇಂದ್ರಗಳಲ್ಲಿ ಕೂಸುಗಳಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಆದರೆ ಚೊಚ್ಚಲು ತಾಯಂದಿರಲ್ಲಿ ಶೇ. 36ರಷ್ಟು ಮಂದಿಯನ್ನು ಸಾಗಿಸಬೇಕಾಯಿತು. ಸಾಗಿಸಲು ಬಹುಮುಖ್ಯ ಕಾರಣ ನೋವು ಮುಂದುವರಿಯದೆ ನಿಂತದ್ದು. ಈ ಕೇಂದ್ರಗಳನ್ನು ಹೊಗಳುವವರೂ ತೆಗಳುವವರೂ ನೋಡುವುದು ಹೆರಿಗೆ ಕೋಣೆಯನ್ನೇ. ಅವುಗಳ ಸುರಕ್ಷತೆಯಲ್ಲಿ ಆ್ಯಂಬುಲೆನ್ಸ್‌ಗೂ ಪಾಲಿದೆ.

ನಮ್ಮಲ್ಲೂ ಹೆಮ್ಮೆಪಡುವ ಕೆಲಸವಾಗಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂಗಳು (ಸಹಾಯಕ ಸೂಲಗಿತ್ತಿ ನರ್ಸ್‌ಗಳು) 1,620 ತಾಯಂದಿರ ಮೇಲೆ ನಡೆಸಿಕೊಟ್ಟ ಮಿಸೊಪ್ರೊಸ್ಟಾಲ್ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆ ಮಾತ್ರೆ ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸಿತ್ತು. ನಮ್ಮ ಎಎನ್‌ಎಂಗಳ ಕೈಗುಣವನ್ನು ಅನುಮಾನಿಸುವವರು ಅದನ್ನು ಓದಬೇಕು. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ 18 ತಿಂಗಳ ತರಬೇತಿ ಪಡೆದ ಮಿಡ್‌ವೈಫ್‌ಗಳನ್ನೂ ಅವರೇ ನಡೆಸುವ ಘಟಕಗಳನ್ನೂ ತರಲು ಹೊರಟಿದೆ. ಅದನ್ನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಒಂದು ರಾತ್ರಿಯನ್ನು ಮರೆಯಲಾರೆ. ನಾನಿದ್ದ ತಾಲ್ಲೂಕು ಆಸ್ಪತ್ರೆಗೆ ಇಪ್ಪತ್ತರ ಚೊಚ್ಚಲು ಬಸುರಿಯೊಬ್ಬಳು ಬಂದಳು. ರೆಫರಲ್ ಚೀಟಿಯಲ್ಲಿ ಇದ್ದದ್ದು ‘ನೋವು ಮುಂದುವರಿದಿಲ್ಲ’ ಎಂಬ ಒಂದೇ ಸಾಲು. ಯಾವಾಗ ನಿಂತಿತು, ಯಾವಾಗ ಹೊರಟರು, ಒಂದೂ ಇಲ್ಲ. ಜೊತೆಗಿದ್ದ ಪಾರ್ಟೊಗ್ರಾಫ್‌ನಲ್ಲಿ ಗುರುತುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಬಿದ್ದಿದ್ದವು. ತಾಯಿ ಉಳಿದಳು. ಕೂಸು ಅಳಲಿಲ್ಲ. ಎಲ್ಲಿ ಎಷ್ಟು ಹೊತ್ತು ಕಳೆಯಿತೆಂದು ಅವಳಮ್ಮ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಮುಂದಿನ ಅಧ್ಯಯನ ಆ ಅಮ್ಮನ ಪ್ರಶ್ನೆಯಿಂದಲೇ ಶುರುವಾಗಲಿ. ಗೆರೆ ದಾಟಿದ ಹೊತ್ತು, ಗಾಡಿ ಏರಿದ ಹೊತ್ತು, ದೊಡ್ಡಾಸ್ಪತ್ರೆಯಲ್ಲಿ ಒಬ್ಬರು ಬಂದು ಕೈಹಿಡಿದ ಹೊತ್ತು. ಪ್ರತಿ ರೆಫರಲ್ ಚೀಟಿಯಲ್ಲಿ ಈ ಮೂರನ್ನು ಬರೆದಿಟ್ಟರೆ, ಹರಾರೆಯವರು ಬಿಟ್ಟುಕೊಟ್ಟ ನಾಲ್ಕು ಗಂಟೆಗಳನ್ನು ನಾವು ಏನು ಮಾಡುತ್ತಿದ್ದೇವೆಂದು ಕಡೆಗೂ ತಿಳಿಯುತ್ತದೆ.