ಮೇಷ್ಟ್ರ ಸಿಡಿ ಮತ್ತು ಕನ್ನಡದ ಜಾಲತಾಣಗಳು

ನಮ್ಮೂರಿನ ಕಡೆಯ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಎರಡು ಕೆಲಸ ಹಚ್ಚಿದ್ದರು. ಮಕ್ಕಳು ಕನ್ನಡದಲ್ಲಿ ಓದಬಹುದಾದ ಒಳ್ಳೆಯ ವೆಬ್‌ಸೈಟ್‌ಗಳ ಪಟ್ಟಿ ಕೊಡಬೇಕು. ಜೊತೆಗೆ ಒಂದು ಹಳೆಯ ಸಿಡಿ ಕೊಟ್ಟು, ಇದರಲ್ಲಿರುವುದನ್ನು ಓದುವ ಹಾಗೆ ಮಾಡಿಕೊಡಿ ಎಂದರು. ಊರಿನ ಕೆರೆಗಳ ಬಗ್ಗೆ ಹಿರಿಯರಿಂದ ಕೇಳಿ ಟೈಪ್ ಮಾಡಿಟ್ಟ ಟಿಪ್ಪಣಿಗಳವು. ಹೇಳಿದವರಲ್ಲಿ ಬಹುತೇಕರು ಈಗಿಲ್ಲ. ಫೈಲ್ ತೆರೆದರೆ ಕಂಡದ್ದು ತಲೆಯ ಮೇಲೆ ಮಚ್ಚೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ.

ಎರಡೂ ಕೆಲಸಗಳ ಬೇರು ಒಂದೇ ಕಡೆ ಇದೆ ಎಂದು ನಮಗೆ ಆಮೇಲೆ ಹೊಳೆಯಿತು.

1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಮೊದಲ ಜಾಲತಾಣದಲ್ಲಿ ಇದ್ದದ್ದು ಪಠ್ಯ ಮತ್ತು ಕೊಂಡಿಗಳಷ್ಟೇ. ಅದೇ ಹೊತ್ತಿಗೆ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನೇ ಮೀಸಲಿಟ್ಟಿದ್ದರು. ಆದರೆ ಜಾಗ ಸಿಕ್ಕ ಮಾತ್ರಕ್ಕೆ ಒಕ್ಕಲು ಬರಲಿಲ್ಲ. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವುದು ಆಗಿನ ಕಂಪ್ಯೂಟರ್‌ಗಳಿಗೆ ಗೊತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ 'ತುಂಗಾ' ಫಾಂಟ್ ಹೊತ್ತು ಬರುವ ತನಕ ಸಾಮಾನ್ಯ ಬಳಕೆದಾರರ ಪಾಲಿಗೆ ಯೂನಿಕೋಡ್ ಕನ್ನಡ ಇದ್ದೂ ಇಲ್ಲದಂತೆ.

ಆ ಹತ್ತು ವರ್ಷ ಕನ್ನಡಿಗರು ಕಾಯುತ್ತ ಕೂರಲಿಲ್ಲ. ಯು.ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲೇ ಅಂತರಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು 'ಬರಹ' ತಂತ್ರಾಂಶ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಷ್ಟರಲ್ಲಾಗಲೇ ಬೆರಳುಗಳಿಗೆ ಕೂತಿತ್ತು. ಇವರ ಋಣ ಸಣ್ಣದಲ್ಲ.

ಆದರೆ ಆಗಿನ ಉಪಾಯ ಒಂದು ವೇಷ. ಫೈಲ್‌ನ ಒಳಗೆ ಇರುತ್ತಿದ್ದದ್ದು ರೋಮನ್ ಸಂಕೇತಗಳೇ. ಅವಕ್ಕೆ ಕನ್ನಡದ ತುಂಡುಗಳನ್ನು ತೊಡಿಸಿದ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಸೈಬರ್ ಸೆಂಟರಿನಲ್ಲಿ ವೇಷ ಕಳಚುತ್ತಿತ್ತು. ಹುಡುಕುಯಂತ್ರಕ್ಕೆ ಅದು ಯಾವತ್ತೂ ಕನ್ನಡವೇ ಅಲ್ಲ. ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅಷ್ಟೆ. ಇಂದಿಗೂ ಕೆಲವು ಪಿಡಿಎಫ್‌ಗಳಿಂದ ಒಂದು ಸಾಲು ನಕಲು ಮಾಡಿ ಅಂಟಿಸಿ ನೋಡಿ, ಅದೇ ಮಚ್ಚೆಗಳು ಬರುತ್ತವೆ. ಒಳ್ಳೆಯ ವೆಬ್ ವಿನ್ಯಾಸವೆಂದರೆ ಜಾರುವ ಚಿತ್ರ, ಮಿನುಗುವ ಬಣ್ಣ ಎಂದುಕೊಂಡವರಿಗೆ ನಮ್ಮದೊಂದು ತಕರಾರು: ಅಕ್ಷರ ಮೊದಲು ಅಕ್ಷರವಾಗಿರಲಿ. (ಓಡುವ ಸುದ್ದಿಪಟ್ಟಿಗಳನ್ನು ಯಾರು ಓದುತ್ತಾರೋ ನಮಗಂತೂ ತಿಳಿಯದು.)

ಈ ಅಳತೆಗೋಲು ಹಿಡಿದೇ ನಮ್ಮ ಪಟ್ಟಿ ಮಾಡಿದೆವು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಮೊದಲು. ತಪ್ಪಿದ್ದರೆ ಮಕ್ಕಳೇ ತಿದ್ದಬಹುದು. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ 2009ರಲ್ಲಿ ಬಂದ 'ಕಣಜ' ಎರಡನೆಯದು. 'ವಚನ ಸಂಚಯ' ನಮ್ಮೆಲ್ಲರ ಮೆಚ್ಚಿನದು. ಅಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿದೆ ಎಂದು ಸಾಲಾಗಿ ಬರುತ್ತದೆ. 'ಕೆರೆ' ಎಂದು ಹುಡುಕಿ ಒಂದು ಮಧ್ಯಾಹ್ನವನ್ನೇ ಕಳೆದೆವು. ಅಕ್ಷರಕ್ಕೆ ವೇಷವಿದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಪಿ. ಸಾಯಿನಾಥ್ 2014ರಲ್ಲಿ ಕಟ್ಟಿದ 'ಪರಿ' ಗ್ರಾಮೀಣ ಬದುಕಿನ ವರದಿಗಳ ಕಣಜ, ಕನ್ನಡದಲ್ಲೂ ಲಭ್ಯ. ಪತ್ರಿಕೋದ್ಯಮ ಓದಿದ ನಮಗೆ ಇದು ಪಕ್ಷಪಾತವೆಂದರೆ ಒಪ್ಪುತ್ತೇವೆ.

ಇನ್ನು ಸಿಡಿ. ಪರಿವರ್ತಕ ತಂತ್ರಾಂಶಕ್ಕೆ ಹಾಕಿದರೆ ಮುಕ್ಕಾಲು ಪಾಲು ಸರಿ ಬಂತು. ಕೈಕೊಟ್ಟದ್ದು ಅರ್ಕಾವೊತ್ತು. ಹಳೆಯ ಫಾಂಟ್‌ಗಳಲ್ಲಿ ಅದು ಕಣ್ಣಿಗೆ ಕಂಡಂತೆ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚರಿಸಿದಂತೆ ರಕಾರ ಮೊದಲು ಬರಬೇಕು. ಹಾಗಾಗಿ 'ದುರ್ಗ', 'ಕಾರ್ತಿಕ', 'ವರ್ಷ' ಎಲ್ಲೆಲ್ಲಿ ಬಂದವೋ ಅಲ್ಲೆಲ್ಲ ಕೈಯಲ್ಲೇ ತಿದ್ದುತ್ತಿದ್ದೇವೆ. ಕೆರೆಯೊಂದರ ತೂಬಿನ ಹೆಸರು ಮಾತ್ರ ನಮಗೆ ಬಗೆಹರಿಯಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಹೇಳಿದ ಅಜ್ಜನ ಮಗಳು ಪಕ್ಕದೂರಲ್ಲಿದ್ದಾರೆ, ಭಾನುವಾರ ಹೋಗೋಣ, ನೀವೂ ಬನ್ನಿ" ಎಂದರು.