ಚಂದ್ರಗುತ್ತಿ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಗ್ರಾಮ, ಗಿರಿದುರ್ಗ, ಯಾತ್ರಾಸ್ಥಳ ಹಾಗೂ ಚಾರಣತಾಣ. ಸೊರಬದ ವಾಯವ್ಯಕ್ಕೆ, ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿದೆ. ತಾಲ್ಲೂಕಿನ ಆನವಟ್ಟಿ ಕಡೆಯಿಂದ ಬರುವವರು ಸೊರಬದ ಮೂಲಕ ತಲುಪಬಹುದು. ಇಲ್ಲಿನ ಬೆಟ್ಟದ ಹಳೆಯ ಹೆಸರು ಗುತ್ತಿ. ವಿಜಯನಗರದ ಕಾಲದಲ್ಲಿ ಚಂದ್ರಗುತ್ತಿ ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. 14ನೆಯ ಶತಮಾನದಲ್ಲಿ ಮಾಧವಮಂತ್ರಿ ಇದನ್ನು ಆಳಿದ. ಅನಂತರ ಕೆಳದಿ ನಾಯಕರ ವಶವಾಯಿತು.

ಬೆಟ್ಟದ ಇಳಿಜಾರಿನ ಸಹಜ ಗುಹೆಯಲ್ಲಿ ರೇಣುಕಾಂಬಾ ದೇವಾಲಯವಿದೆ. ಇಲ್ಲಿನ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆ, ಅದರ ವಿಚಾರವಾಗಿ 1986ರಲ್ಲಿ ನಡೆದ ಘರ್ಷಣೆಯ ಬಳಿಕ ನಿಷೇಧಗೊಂಡಿತು. ದೇವಾಲಯದವರೆಗೆ ಮೆಟ್ಟಿಲುಗಳಿವೆ, ಅಲ್ಲಿಂದ ಮೇಲೆ ಕಾಡಿನ ಕಡಿದಾದ ಕಾಲುದಾರಿ ಪಾಳುಬಿದ್ದ ಕೋಟೆಗೆ ಏರುತ್ತದೆ. ಬೆಟ್ಟ ಹತ್ತಲು ಸೈಕಲ್ ಒಗ್ಗದು. ಸವಾರರಿಗೆ ತಪ್ಪಲಿನ ಹಳ್ಳಿ ರಸ್ತೆಗಳೇ ಸೂಕ್ತ. ಮಳೆಗಾಲದಲ್ಲಿ ಬಂಡೆಗಳು ಜಾರುವುದರಿಂದ ಚಾರಣಕ್ಕೆ ಚಳಿಗಾಲ ಪ್ರಶಸ್ತ.